ನೇತ್ರಾಣಿಗೆ ಹೋದ ಅಸೋಸಿಯೇಷನ್ನು

2014ರ ಜೂನ್ 2ರಂದು ತೆಲಂಗಾಣ ಬೇರೆ ರಾಜ್ಯವಾದಾಗ ಸಮುದ್ರವಷ್ಟೂ ಆಂಧ್ರದ ಪಾಲಾಯಿತು. ಅಣ್ಣತಮ್ಮಂದಿರು ಹಿಸೆಯಾಗುವಾಗ ಬಾವಿ ಒಬ್ಬನ ಕಡೆ, ಹಿತ್ತಿಲು ಇನ್ನೊಬ್ಬನ ಕಡೆ ಬೀಳುವುದುಂಟಲ್ಲ, ಹಾಗೆ. ಹೈದರಾಬಾದಿಗೆ ಉಳಿದದ್ದು ಹುಸೇನ್ ಸಾಗರ. ನಾನಿರುವ ಉಪ್ಪಲ್‌ಗೆ ಅದೂ ದೂರ. ನಮ್ಮಲ್ಲಿರುವುದು ಕ್ರಿಕೆಟ್ ಸ್ಟೇಡಿಯಮ್ಮು, ಮೆಟ್ರೊ, ರಿಂಗ್ ರೋಡು, ಬೇಸಿಗೆ ಬಂತೆಂದರೆ ನೀರಿನ ಟ್ಯಾಂಕರು. ಹೀಗೆ ಟ್ಯಾಂಕರಿನ ಪೈಪಿಗೆ ಕಾದು ನಿಲ್ಲುವ ನಮ್ಮ ಅಪಾರ್ಟ್‌ಮೆಂಟಿನವರಿಗೆ ಸಮುದ್ರದ ತಳ ನೋಡುವ ಹುಚ್ಚು ಹತ್ತಿದ್ದಕ್ಕೆ ನನ್ನ ಪ್ರಕಾರ ರೈಲೇ ಕಾರಣ. ಕಾಚಿಗುಡದಿಂದ ಮಂಗಳೂರಿಗೆ ಹೋಗಿ ಸುಮ್ಮನಾಗುತ್ತಿದ್ದ ರೈಲನ್ನು 2024ರಲ್ಲಿ ಮುರ್ಡೇಶ್ವರದ ತನಕ ಮುಂದುವರಿಸಿದರು. ತೆಲಂಗಾಣಕ್ಕೂ ಕರ್ನಾಟಕಕ್ಕೂ ನಡುವೆ ಒಂದು ಗಡಿ, ದಾಟಿದರೆ ರಾಯಚೂರು. ಆದರೆ ಈ ರೈಲು ಆಂಧ್ರ, ತಮಿಳುನಾಡು, ಕೇರಳಗಳ ನೆಂಟರಿಷ್ಟರನ್ನೆಲ್ಲ ಮಾತಾಡಿಸಿಕೊಂಡು, ಕಾಸರಗೋಡಿನ ಕಡೆಯಿಂದ ಮೆಲ್ಲಗೆ ಕರ್ನಾಟಕದೊಳಕ್ಕೆ ಬರುತ್ತದೆ. ಒಂದೇ ಟಿಕೆಟ್ಟಿನಲ್ಲಿ ಐದು ರಾಜ್ಯ ಎಂದು ಅಸೋಸಿಯೇಷನ್ನಿನ ಖಜಾಂಚಿಗೆ ಖುಷಿಯೋ ಖುಷಿ.

ನನ್ನ ಊರು ಮುರ್ಡೇಶ್ವರದ ಪಕ್ಕದ ಶಿರಾಲಿ. ಸೋದರಮಾವನ ಮಗ ಸ್ಕೂಬಾ ಡೈವಿಂಗಿನವರ ದೋಣಿಯಲ್ಲಿ ಮೇಸ್ತ್ರಿ. ಇವೆರಡು ಸಂಗತಿ ಹೇಗೋ ಅಧ್ಯಕ್ಷರ ಕಿವಿಗೆ ಬಿದ್ದು, 21 ಜನರ ಪ್ರವಾಸ ಗೊತ್ತಾಯಿತು. ನಾನೂ ಎಲ್ಲರಂತೆ ದುಡ್ಡು ಕೊಟ್ಟ ಪ್ರವಾಸಿಯೇ. ಬೆಳಿಗ್ಗೆ ದಡಕ್ಕೆ ಹೋದರೆ ಭಾವ ಒಂದು ನೀಲಿ ಟೀ ಶರ್ಟು ಹಿಡಿದು ಕಾಯುತ್ತಿದ್ದ. "ಭಾವ, ಇಬ್ಬರು ಹುಡುಗರು ಮದುವೆಗೆ ಹೋಗಿಬಿಟ್ರು ಮಾರಾಯ. ನಿಂಗೆ ಹ್ಯಾಗೂ ತೆಲುಗು ಬರ್ತದೆ. ಇದೊಂದು ಹಾಕ್ಕೊ."

ಬೆನ್ನಿನ ಮೇಲೆ 'ಕ್ರೂ' ಎಂದು ಬರೆದ ಆ ಬಟ್ಟೆಯ ಮಹಿಮೆ ಏನೆಂದು ಹೇಳಲಿ! ಅದು ಮೈಮೇಲೆ ಬಿದ್ದ ಗಳಿಗೆಯಿಂದ ನಮ್ಮ ಬ್ಲಾಕಿನವರಿಗೇ ನನ್ನ ಗುರುತು ಹತ್ತದಾಯಿತು. ಎದುರು ಮನೆಯ ಆಂಟಿ "ಬಾಬೂ, ಕೊಂಚಂ ನೀಳ್ಳು" ಎಂದು ಖಾಲಿ ಬಾಟಲಿ ಚಾಚಿದರು. ಪಾರ್ಕಿಂಗ್ ಜಾಗಕ್ಕಾಗಿ ನನ್ನ ಮೇಲೆ ವಾಟ್ಸಾಪಿನಲ್ಲಿ ಪುಟಗಟ್ಟಲೆ ಬರೆದಿದ್ದ ಮೂರನೇ ಮಹಡಿಯವರು, ಲೈಫ್ ಜಾಕೆಟ್ಟಿನ ಬಕ್ಕಲ್ ಹಾಕಿಸಿಕೊಳ್ಳುತ್ತ, "ಗಟ್ಟಿ ಇದೆಯಲ್ಲಾ ಅಣ್ಣಾ?" ಎಂದು ದೀನರಾಗಿ ಕೇಳಿದರು. ನಾನು ಉತ್ತರಿಸುವುದಕ್ಕೆ ತುಸು ತಡಮಾಡಿದೆ. ಅಷ್ಟಾದರೂ ಸುಖ ಬೇಡವೇ?

ಮೊದಲ ಕೆಲಸ ಆರೋಗ್ಯದ ಫಾರಂ ತುಂಬಿಸುವುದು. ಹೃದಯದ ತೊಂದರೆ, ಉಬ್ಬಸ, ಕಿವಿಯ ಆಪರೇಷನ್ನು, ರಕ್ತದೊತ್ತಡ — ಎಲ್ಲದಕ್ಕೂ ಎಲ್ಲರೂ 'ಇಲ್ಲ' ಎಂದು ಗೀಚಿದ್ದರು. ಇಂಥ ಆರೋಗ್ಯವಂತ ಕಟ್ಟಡ ಉಪ್ಪಲ್ಲಿನಲ್ಲಿ ಮತ್ತೊಂದಿರಲಿಕ್ಕಿಲ್ಲ. ಭಾವ ಪಳಗಿದ ಆಸಾಮಿ. ಹಿರಿಯರೊಬ್ಬರ ಬಳಿ ಹೋಗಿ ನನ್ನ ಬಾಯಿಂದ ಕೇಳಿಸಿದ: "ಬಿ.ಪಿ. ಇದೆಯಾ?" "ಇಲ್ಲ." "ಮಾತ್ರೆ ತಗೊಳ್ತೀರಾ?" "ದಿನಾ ತಗೊಳ್ತೀನಿ. ಅದಕ್ಕೇ ಬಿ.ಪಿ. ಇಲ್ಲ." ಅವರನ್ನು ದೋಣಿಯಲ್ಲೇ ಕೂರುವ ಪಟ್ಟಿಗೆ ಸೇರಿಸಲಾಯಿತು. ಅವರು ದಿನವಿಡೀ ನನ್ನ ಪಕ್ಕ ಕೂತು ನನ್ನ ಕೆಲಸದಲ್ಲಿ ತಪ್ಪು ಹುಡುಕಿದರು.

ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪ ಸುಮಾರು 19 ಕಿಲೋಮೀಟರು. ದೋಣಿಯಲ್ಲಿ ಒಂದೂವರೆ ಗಂಟೆ ಹಾದಿ. ಮಳೆಗಾಲದಲ್ಲಿ ಬಾಗಿಲು ಹಾಕಿ ಅಕ್ಟೋಬರಿನ ಹೊತ್ತಿಗೆ ಮತ್ತೆ ಶುರುವಾಗುವ ವ್ಯವಹಾರವಿದು. ಬೆಳಗಿನ ಹೊತ್ತು ಗಾಳಿ ಕಡಿಮೆ, ಆದ್ದರಿಂದ ಬೇಗ ಹೊರಡಬೇಕು. ಹೊಟ್ಟೆಗೆ ಎರಡು ಇಡ್ಲಿಗಿಂತ ಹೆಚ್ಚು ಹಾಕಬಾರದು. ವಾಂತಿ ತಡೆಯುವ ಮಾತ್ರೆಯನ್ನು ಮೊದಲೇ ನುಂಗಿರಬೇಕು. ಇದನ್ನೆಲ್ಲ ನಾನು ತೆಲುಗಿನಲ್ಲಿ ಸ್ಪಷ್ಟವಾಗಿ ವಿವರಿಸುತ್ತಿದ್ದಾಗಲೇ ಸ್ಟೀಲಿನ ಡಬ್ಬಗಳ ಮುಚ್ಚಳ ತೆರೆದುಕೊಂಡವು. ಪುಳಿಹೋರ, ಗೋಂಗುರ ಪಚ್ಚಡಿ, ಎರಡು ದಿನದ ರೈಲುಪ್ರಯಾಣಕ್ಕೆಂದು ಕರಿದು ತಂದ ಸಕಿನಾಲು. 123 ಅಡಿಯ ಶಿವನ ವಿಗ್ರಹ ಹಿಂದೆ ಸರಿದು ಹೆಬ್ಬೆರಳಷ್ಟಾಗುವ ಮೊದಲೇ ಮೊದಲ ಗಿರಾಕಿ ಕಂಬಿ ಹಿಡಿದರು. ಆಮೇಲೆ ಫ್ಲ್ಯಾಟ್ ನಂಬರಿನ ಕ್ರಮದಲ್ಲಿ ಒಬ್ಬೊಬ್ಬರಾಗಿ.

ಇಲ್ಲಿ ಸಿಬ್ಬಂದಿಯ ಜ್ಞಾನ ಇರುವುದು ಒಂದೇ ವಿಷಯದಲ್ಲಿ: ಗಾಳಿ ಯಾವ ಕಡೆಯಿಂದ ಬೀಸುತ್ತಿದೆ? ಗಾಳಿ ಬರುವ ಕಡೆಗೆ ಬಾಗಿದವರು ಸಮುದ್ರಕ್ಕೆ ಕೊಟ್ಟದ್ದನ್ನು ಸಮುದ್ರ ಅಲ್ಲಿಂದಲ್ಲಿಗೇ ಹಿಂದಿರುಗಿಸುತ್ತದೆ. ಹೀಗಾಗಿ ನಾನು ಬಾಗಿದ ಹೆಗಲುಗಳನ್ನೆಲ್ಲ ಹಿಡಿದು ಎಡಗಡೆಗೆ ತಿರುಗಿಸುತ್ತ ಓಡಾಡಿದೆ. ಎಲ್ಲರೂ ಒಂದೇ ಬದಿಗೆ ಬಂದರೆ ದೋಣಿ ವಾಲುತ್ತದಲ್ಲ? ಚುಕ್ಕಾಣಿ ಹಿಡಿದಿದ್ದ ತಾಂಡೇಲ ಹಿಂದಕ್ಕೆ ತಿರುಗದೆಯೇ "ಅರ್ಧ ಜನ ಈಚೆ ಕಳಿಸು" ಎಂದ. ವಾಂತಿ ಮಾಡುವವರಲ್ಲಿ ಯಾವ ಅರ್ಧವನ್ನು ಕಳಿಸುವುದು?

ದ್ವೀಪ ಕಂಡೊಡನೆ ಕಾರ್ಯದರ್ಶಿಗಳು ಬ್ಯಾನರ್ ಬಿಚ್ಚಿದರು. ಅಲ್ಲಿ ಇಳಿದು ಅಸೋಸಿಯೇಷನ್ನಿನ ಹೆಸರಿನೊಂದಿಗೆ ಫೋಟೊ ಆಗಬೇಕಂತೆ. ಇಳಿಯಲು ಬಿಡುವುದಿಲ್ಲ, ನೌಕಾಪಡೆಯವರು ಗುರಿಯ ಅಭ್ಯಾಸಕ್ಕೆ ಬಳಸಿದ ಗುಡ್ಡ ಇದು ಎಂದು ತಿಳಿಸಿದೆ. ಬ್ಯಾನರ್ ತಾನಾಗಿಯೇ ಸುತ್ತಿಕೊಂಡಿತು. 'ಗಂಧದ ಗುಡಿ'ಯಲ್ಲಿ ಪುನೀತ್ ರಾಜ್‌ಕುಮಾರ್ ಮುಳುಗಿದ್ದು ಇದೇ ನೀರಿನಲ್ಲಿ ಎಂದೂ ಸೇರಿಸಿದೆ. ಅಪ್ಪುವಿನ ಹೆಸರು ಹೇಳಿದ ಮೇಲೆ ಎರಡು ಮುಖಕ್ಕೆ ಸ್ವಲ್ಪ ಬಣ್ಣ ಬಂತು.

ಲಂಗರು ಬಿದ್ದಮೇಲೆ ನಿಜವಾದ ಗಲಾಟೆ. ವೆಟ್‌ಸೂಟಿನ ಜಿಪ್ಪು ಬೆನ್ನಿಗೆ ಬರಬೇಕು. ನಮ್ಮವರೆಲ್ಲ ಜಾಕೆಟ್ಟಿನಂತೆ ಎದೆಗೆ ತಂದು ಹಾಕಿಕೊಂಡು, ಕುತ್ತಿಗೆ ಹಿಸುಕಿದಂತಾಗಿ ನನ್ನನ್ನೇ ದುರುಗುಟ್ಟಿ ನೋಡಿದರು. ಒದ್ದೆ ರಬ್ಬರನ್ನು ಒದ್ದೆ ಮೈಯಿಂದ ಬಿಡಿಸುವುದೆಂದರೇನೆಂದು ಮಾಡಿದವರಿಗೇ ಗೊತ್ತು: ತೋಳನ್ನು ಎಳೆದರೆ ಬಟ್ಟೆ ಬರುವುದಿಲ್ಲ, ಮನುಷ್ಯ ಬರುತ್ತಾನೆ. ಖಜಾಂಚಿಯವರನ್ನು ನಾನೂ ಭಾವನೂ ಎರಡು ಕಡೆಯಿಂದ ಎಳೆದು, ಅವರು ದೋಣಿಯ ಉದ್ದಕ್ಕೂ ಒಂದು ಸುತ್ತು ಬಂದ ಮೇಲೆ ಎಡಗೈ ಹೊರಬಂತು.

ಮುಂದಿನದು ಮಡಿಯ ಪ್ರಶ್ನೆ. ಮುಖಗವಸಿನ ಗಾಜಿಗೆ ಮಂಜು ಕಟ್ಟಬಾರದೆಂದರೆ ಒಳಗೆ ಉಗುಳಿ, ಬೆರಳಿನಿಂದ ಸವರಿ, ತೊಳೆಯಬೇಕು. ಜಗತ್ತಿನ ಡೈವರುಗಳೆಲ್ಲ ಹೀಗೇ ಮಾಡುತ್ತಾರೆ. ಎದುರು ಮನೆಯ ಆಂಟಿಗೆ ಹೇಳಿದಾಗ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಂಗಿಲಿ!" ಎಂದರು. ಅಷ್ಟಕ್ಕೇ ಬಿಡಲಿಲ್ಲ. ಬಾಯಲ್ಲಿಟ್ಟು ಉಸಿರಾಡುವ ರೆಗ್ಯುಲೇಟರನ್ನು ನಿನ್ನೆ ಯಾರು ಬಾಯಲ್ಲಿಟ್ಟಿದ್ದರು ಎಂದು ಕೇಳಿದರು. ಔಷಧಿ ನೀರಿನ ಬಕೆಟ್ಟಿನಲ್ಲಿ ಅದ್ದಿದ್ದನ್ನು ತೋರಿಸಿದೆ. ಅದೇ ಬಕೆಟ್ಟಿನಲ್ಲಿ ಎಲ್ಲರದನ್ನೂ ಅದ್ದಿದ್ದೀರಲ್ಲ ಎಂದರು. ತರ್ಕ ಸರಿಯಾಗಿಯೇ ಇತ್ತು. ಕೊನೆಗೆ ಅವರ ಕಣ್ಣೆದುರೇ ಕುಡಿಯುವ ನೀರಿನ ಬಾಟಲಿಯಿಂದ ಮೂರು ಸಲ ತೊಳೆದು ಕೊಟ್ಟೆ. ಅವರು ಕಣ್ಣುಮುಚ್ಚಿ ಏನೋ ಪಠಿಸಿ ಬಾಯಿಗಿಟ್ಟುಕೊಂಡರು. ಇಳಿದವರು ಮೀನಿನಂತೆ ಇದ್ದುಬಿಟ್ಟರು ಎಂದು ತರಬೇತಿ ಕೊಡುವ ಹುಡುಗ ಆಮೇಲೆ ಹೊಗಳಿದ.

ಖಜಾಂಚಿಯವರ ತಕರಾರು ಬೇರೆ. ಸಿಲಿಂಡರಿನಲ್ಲಿ ಆಕ್ಸಿಜನ್ ಅಲ್ಲ, ನಾವು ಉಸಿರಾಡುವ ಗಾಳಿಯನ್ನೇ 200 ಬಾರ್ ಒತ್ತಡದಲ್ಲಿ ತುಂಬಿರುವುದು ಎಂದು ಭಾವ ಪ್ರಾಮಾಣಿಕವಾಗಿ ಹೇಳಿಬಿಟ್ಟ. "ಬರೀ ಗಾಳಿಗೆ ಇಷ್ಟು ದುಡ್ಡಾ?" ಎಂದರು. ಮೇಲೆ ಬಂದಮೇಲೆ ಮೀಟರ್ ನೋಡಿ, ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿದೆ, ಮಗನಿಗೆ ಕೊಡಿ ಎಂದು ಪಟ್ಟು ಹಿಡಿದರು. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟಾಗುತ್ತದೆ, ಗಾಳಿಯೂ ಅಷ್ಟೇ ಬೇಗ ಮುಗಿಯುತ್ತದೆ, ಉಳಿಸಿಕೊಂಡೇ ಮೇಲೆ ಬರಬೇಕು ಎಂಬ ಶಾಸ್ತ್ರವನ್ನು ತೆಲುಗಿನಲ್ಲಿ ಹೇಳುವಷ್ಟರಲ್ಲಿ ನನ್ನದೇ ಗಾಳಿ ಮುಗಿದಿತ್ತು.

ಅಧ್ಯಕ್ಷರದು ಹೆಬ್ಬೆರಳಿನ ಸಮಸ್ಯೆ. ನೀರಿನೊಳಗೆ ಹೆಬ್ಬೆರಳು ಎತ್ತಿದರೆ 'ಮೇಲೆ ಕರೆದುಕೊಂಡು ಹೋಗು' ಎಂದರ್ಥ. ಎಲ್ಲ ಸರಿಯಿದೆ ಎನ್ನಲು ಬೆರಳುಗಳನ್ನು ಉಂಗುರ ಮಾಡಬೇಕು. ದಡದಲ್ಲಿ ಮೂರು ಸಲ ಪಾಠವಾಗಿತ್ತು. ಆದರೆ ಅಧ್ಯಕ್ಷರು ವಾಟ್ಸಾಪಿನಲ್ಲಿ ಲಿಫ್ಟು ಕೆಟ್ಟ ಸುದ್ದಿಗೂ ಹೆಬ್ಬೆರಳನ್ನೇ ಒತ್ತುವವರು. ಕೆಳಗಿಳಿದು ಮೊದಲ ಮೀನು ಕಂಡ ಸಂತೋಷಕ್ಕೆ ಹೆಬ್ಬೆರಳೆತ್ತಿದರು. ಹುಡುಗ ಮೇಲೆ ತಂದ. "ಯಾಕೆ ತಂದೆ?" ಎಂದು ಗದರಿಸಿ ಮತ್ತೆ ಇಳಿದರು. ಗಿಳಿಮೀನು ಕಂಡಿತು, ಮತ್ತೆ ಮೇಲೆ. ದೋಣಿಯ ಮೇಲಿನ ನಮಗೆ ಸ್ವಲ್ಪ ಸ್ವಲ್ಪ ಹೊತ್ತಿಗೆ ಅಧ್ಯಕ್ಷರ ತಲೆ ಮೂಡಿ ಬೈದು ಮುಳುಗುವುದು ಕಾಣುತ್ತಿತ್ತು. ಕಡೆಗೆ ಭಾವ ಸಕಿನಾಲಿನ ಪೊಟ್ಟಣದ ರಬ್ಬರ್ ಬ್ಯಾಂಡು ತೆಗೆದು ಅವರ ಹೆಬ್ಬೆರಳನ್ನು ಅಂಗೈಗೆ ಮಡಚಿ ಕಟ್ಟಿದ. ಮೇಲೆ ಬರಬೇಕೆನಿಸಿದರೆ ಹುಡುಗನ ತೋಳು ಎರಡು ಸಲ ತಟ್ಟಿ ಎಂಬ ಹೊಸ ಕರಾರಾಯಿತು. ಆಮೇಲೆ ಅವರು ನೆಮ್ಮದಿಯಿಂದ ನೇತ್ರಾಣಿ ನೋಡಿದರು.

ಹೊರಡುವ ಮುನ್ನ ತಲೆ ಎಣಿಸುವುದು ಸಿಬ್ಬಂದಿಯ ಪರಮ ಧರ್ಮ. 21 ಇರಬೇಕಾದಲ್ಲಿ 22 ಬಂತು. ಮತ್ತೆ ಎಣಿಸಿದೆ, 22. ಕಡಿಮೆ ಬಂದರೆ ಎದೆ ಒಡೆಯುತ್ತದೆ ಸರಿ, ಹೆಚ್ಚು ಬಂದರೆ ಏನು ಮಾಡುವುದೆಂದು ಭಾವನಿಗೂ ತಿಳಿಯದು. ಎಲ್ಲರದೂ ಕಪ್ಪು ಸೂಟು, ಎಲ್ಲರ ಕೂದಲೂ ಹಣೆಗೆ ಅಂಟಿಕೊಂಡಿದೆ. ಹೆಸರು ಕೂಗಿಸೋಣವೆಂದರೆ ಅರ್ಧ ಜನ ಮಾತಾಡುವ ಸ್ಥಿತಿಯಲ್ಲಿಲ್ಲ. ಮೂಲೆಯಲ್ಲಿ ಒಬ್ಬ ಹುಡುಗ ತಲೆ ತಗ್ಗಿಸಿ ಪುಳಿಹೋರ ತಿನ್ನುತ್ತಿದ್ದ. ನಮ್ಮವರು ಯಾರೂ ಆ ಹೊತ್ತಿನಲ್ಲಿ ಅನ್ನ ಮುಟ್ಟುವಂತಿರಲಿಲ್ಲ, ಸಿಕ್ಕಿಬಿದ್ದ. ಪಕ್ಕದಲ್ಲಿ ಲಂಗರು ಹಾಕಿದ್ದ ದೋಣಿಯವನು, ಹುಬ್ಬಳ್ಳಿಯ ಕಡೆಯವನು. "ಏಣಿ ಕಾಣಿಸ್ತ್ರೀ, ಹತ್ತಿದೆ. ಆಂಟಿ ಪ್ಲೇಟು ಕೊಟ್ರು, ಕೂತೆ" ಎಂದ. ಆ ದೋಣಿಯವರು ಅಷ್ಟರಲ್ಲಿ ಇವನಿಗಾಗಿ ನೀರೆಲ್ಲ ಹುಡುಕುತ್ತ ಸೀಟಿ ಊದುತ್ತಿದ್ದರು.

ದಡಕ್ಕೆ ಬಂದು ವಿಡಿಯೊ ಹಂಚಿದಾಗ ಎಲ್ಲರದರಲ್ಲೂ ಅದೇ ಹಳದಿ ಮೈಯ, ಕಪ್ಪು ಪಟ್ಟೆಯ ಸಾರ್ಜೆಂಟ್ ಮೇಜರ್ ಮೀನುಗಳ ಗುಂಪು. ನಾನು ನೋಡಿದ್ದೂ ಅವನ್ನೇ, ಆದರೆ ಮೇಲಿನಿಂದ, ಪುಳಿಹೋರದ ಅವಶೇಷಕ್ಕೆ ಅವು ಮುತ್ತಿಕೊಂಡಾಗ. ಅಷ್ಟರಲ್ಲಿ ಕಾರ್ಯದರ್ಶಿಗಳು ಟ್ಯಾಕ್ಸಿ ಕರೆಯತೊಡಗಿದರು. ಬೇರೆಯವರಿಗೆಲ್ಲ ರೈಲಿನ ಟಿಕೆಟ್ ಮಾಡಿಸಿ, ತಮಗೆ ಮಾತ್ರ ಗುಟ್ಟಾಗಿ ಮಂಗಳೂರಿನಿಂದ ರಾತ್ರಿಯ ವಿಮಾನ ಮಾಡಿಸಿಕೊಂಡಿದ್ದರು. ಡೈವ್ ಮಾಡಿದ ಮೇಲೆ 18 ಗಂಟೆ ವಿಮಾನ ಹತ್ತಬಾರದು, ಮೈಯಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಿ ತೊಂದರೆ ಕೊಡುತ್ತದೆ ಎಂದು ಭಾವ ಎಲ್ಲರೆದುರು ಗಟ್ಟಿಯಾಗಿ ಹೇಳಿದ. ನಾನು ಇನ್ನೂ ಗಟ್ಟಿಯಾಗಿ ತೆಲುಗಿನಲ್ಲಿ ಹೇಳಿದೆ. ಫಾರಮ್ಮಿನಲ್ಲಿ ಅವರೇ ಸಹಿ ಹಾಕಿದ ಸಾಲು ಅದು.

ರೈಲಿನಲ್ಲಿ ಅವರಿಗೆ ಸಿಕ್ಕಿದ್ದು ಶೌಚಾಲಯದ ಪಕ್ಕದ ಸೀಟು, ಅದೂ ಆರ್‌ಎಸಿಯಲ್ಲಿ, ಅರ್ಧ. ಇನ್ನರ್ಧದಲ್ಲಿ ನಮ್ಮ ಬಿ.ಪಿ. ಇಲ್ಲದ ಹಿರಿಯರು ಕಾಲು ಚಾಚಿಕೊಂಡು, ನೇತ್ರಾಣಿಯಲ್ಲಿ ಸಿಬ್ಬಂದಿ ಕೆಲಸ ಹೇಗೆ ಮಾಡಬೇಕಿತ್ತು ಎಂದು ವಿವರಿಸುತ್ತಿದ್ದರು. ರೈಲು ಇನ್ನೂ ಕೇರಳಕ್ಕೂ ಮುಟ್ಟಿರಲಿಲ್ಲ.