ಮನೆಮಗನ ಬೆರಳು

(ಪೀಣ್ಯದ ಪ್ರೆಸ್ ಶಾಪ್. ಕೆಲಸಗಾರರು ಒಂಬತ್ತೇ ಜನ. ಹತ್ತಾದರೆ ಇಎಸ್‌ಐ ವಿಮೆ ಬರುತ್ತದೆ, ಮಾಲೀಕರ ಲೆಕ್ಕ ಪಕ್ಕಾ.)

ಮಾಲೀಕ: ಬಾರಪ್ಪ, ನೀನು ಮನೆಮಗ ಇದ್ದಂಗೆ. ಐದು ಸಾವಿರ ತಗೋ, ಈ ಖಾಲಿ ಪೇಪರಿಗೆ ಸೈನ್ ಹಾಕು.

ಕೆಲಸಗಾರ: ಬೆರಳಿನ ಪರಿಹಾರದ ಹಕ್ಕು ಬಿಟ್ಟೆ ಅಂತ ಬರ್ಕೊಟ್ರೂ ಅದು ನಡೆಯಲ್ವಂತೆ ಸಾರ್. 1923ರ ಪರಿಹಾರ ಕಾಯ್ದೆಯಿಂದಲೂ ಹಂಗೇ.

ಮಾಲೀಕ: ನೀನು ಕಂಟ್ರಾಕ್ಟರ್ ಕಡೆಯವನು, ನನಗೇನು ಸಂಬಂಧ?

ಕೆಲಸಗಾರ: ಈಗ ತಾನೆ ಮನೆಮಗ ಅಂದ್ರಿ! ಕೆಲಸ ನಿಮ್ದು, ಪರಿಹಾರಾನೂ ನಿಮ್ಮ ಹತ್ರನೇ ಕೇಳಬಹುದು. ಆಮೇಲೆ ಕಂಟ್ರಾಕ್ಟರ್ ಹತ್ರ ವಸೂಲಿ ಮಾಡ್ಕೊಳ್ಳಿ.

ಮಾಲೀಕ: ಮಿಷಿನ್ನಿನ ಗಾರ್ಡ್ ತೆಗೆದಿದ್ದು ನೀನೇ ತಾನೆ?

ಕೆಲಸಗಾರ: ಗಾರ್ಡ್ ಇದ್ರೆ ಪೀಸ್ ಕಮ್ಮಿ ಬೀಳ್ತವೆ ಅಂತ ತೆಗೆಸಿದ್ದು ನೀವು.

ಮಾಲೀಕ: ಹೋಗಿದ್ದು ಒಂದು ಬೆರಳು. ಇನ್ನೂ ಒಂಬತ್ತಿವೆ!

ಕೆಲಸಗಾರ: ತೋರುಬೆರಳು ಪೂರ್ತಿ ಹೋದ್ರೆ ದುಡಿಯೋ ಶಕ್ತಿ ಶೇ 14 ನಷ್ಟ ಅಂತ ಕಾಯ್ದೆಯ ಪಟ್ಟಿಯಲ್ಲಿದೆ. ಸಂಬಳ, ವಯಸ್ಸು ನೋಡಿ ಲೆಕ್ಕ ಹಾಕ್ತಾರೆ. ತಿಂಗಳೊಳಗೆ ಕೊಡದಿದ್ರೆ ಬಡ್ಡಿ. ಸರಿಯಾದ ಕಾರಣ ಇಲ್ಲದಿದ್ರೆ ಪರಿಹಾರದ ಅರ್ಧದಷ್ಟರವರೆಗೂ ದಂಡ.

ಮಾಲೀಕ: (ಐದು ಸಾವಿರ ಜೇಬಿಗೆ ಹಾಕ್ಕೊಳ್ಳುತ್ತ) ಇದನ್ನೆಲ್ಲ ಹೇಳ್ಕೊಟ್ಟವನು ಯಾರೋ?

ಕೆಲಸಗಾರ: ಇನ್‌ಸ್ಪೆಕ್ಟರ್ ಬರ್ತಾರೆ ಅಂತ ನೀವೇ ಗೋಡೆಗೆ ಕಾಯ್ದೆಯ ನೋಟಿಸ್ ಅಂಟಿಸಿದ್ರಲ್ಲ ಸಾರ್.

ಮಾಲೀಕ: ಅಯ್ಯೋ, ಅದನ್ನ ಓದಲಿ ಅಂತ ಅಂಟಿಸಿದ್ದೇನೋ!