ಬದಲಿವಾದಿ

ಕಾಲೇಜು ಫುಟ್‌ಬಾಲ್ ಪಂದ್ಯ ಬಿಗಿಯಾದ ಗಳಿಗೆಯಲ್ಲಿ, ಮೈದಾನದ ಗೆರೆಯಾಚೆ ನಿಂತು, ಗೋಲ್‌ಕೀಪರನನ್ನು ಬದಲಿಸಿ ಎಂದು ಕೂಗುವ ಪ್ರೇಕ್ಷಕನೇ ಬದಲಿವಾದಿ. ತಂಡ ಒಂದು ಗೋಲು ಹಿಂದೆ ಬಿದ್ದಾಗ ಕೂಗು ಶುರುವಾಗುತ್ತದೆ, ಎರಡಾದರೆ ಗಂಟಲು ಕಟ್ಟುವವರೆಗೆ ಹೋಗುತ್ತದೆ. ಒಂದು ಗೋಲು ಮುಂದಿದ್ದರೂ ಕೂಗು ನಿಲ್ಲುವುದಿಲ್ಲ. ಆಗ ಅದರ ಹೆಸರು ಮುಂಜಾಗ್ರತೆ. ಫಾರ್ವರ್ಡ್ ಆಟಗಾರ ಖಾಲಿ ಗೋಲಿನ ಮುಂದೆ ಚೆಂಡನ್ನು ಆಕಾಶಕ್ಕೆ ಹೊಡೆದರೆ ಈತ ಗಾಳಿಯನ್ನು ಬಯ್ಯುತ್ತಾನೆ. ಕೀಪರ್ ಕೈತಪ್ಪಿದರೆ ಮಾತ್ರ ಅವನ ವಂಶವನ್ನೇ ವಿಚಾರಿಸುತ್ತಾನೆ.

ನೀಲಗಿರಿ ಜಿಲ್ಲೆಯಲ್ಲಿ ಬದಲಿವಾದಿ ಎಲ್ಲ ಎತ್ತರಗಳಲ್ಲೂ ಸಿಗುತ್ತಾನೆ. ಗೂಡಲೂರಿನ ಕಡೆ ಸಂಖ್ಯೆ ತುಸು ಹೆಚ್ಚು. ಕಾರಣ ನಕ್ಷೆಯಲ್ಲೇ ಇದೆ. ನಾಡುಗಾಣಿ ಘಾಟಿ ಇಳಿದರೆ ಮಲಪ್ಪುರಂ ಜಿಲ್ಲೆ. ಅಲ್ಲಿ ಏಳೇ ಆಟಗಾರರ ಸೆವೆನ್ಸ್ ಪಂದ್ಯಗಳಿಗೆ ರಾತ್ರಿ ಹೊನಲು ಬೆಳಕಿನಲ್ಲಿ ಊರಿಗೆ ಊರೇ ಸೇರುತ್ತದೆ, ಆಫ್ರಿಕಾದಿಂದ ಆಟಗಾರರನ್ನು ಕರೆಸಿ ಆಡಿಸುತ್ತಾರೆ. ಆ ಜ್ವರ ಘಾಟಿ ಹತ್ತಿ ಗೂಡಲೂರಿಗೂ ಬಂದಿದೆ. ಉದಕಮಂಡಲದಲ್ಲಿ ಈತ ಮಂಕಿ ಟೋಪಿಯೊಳಗಿಂದ ಕೂಗುತ್ತಾನೆ, ಗೂಡಲೂರಿನಲ್ಲಿ ಛತ್ರಿಯ ಕೆಳಗಿಂದ. ಮಸಿನಗುಡಿಯಲ್ಲಿ ಮಳೆ ಕಡಿಮೆ, ಆನೆ ಹೆಚ್ಚು. ಕತ್ತಲಾಗುವ ಮೊದಲು ಮನೆ ಸೇರಬೇಕಾದ್ದರಿಂದ ಅಲ್ಲಿನ ಬದಲಿವಾದಿ ಮೊದಲಾರ್ಧದಲ್ಲೇ ತನ್ನ ತೀರ್ಪು ಕೊಟ್ಟು ಮುಗಿಸುತ್ತಾನೆ. (ಇದೇ ಜಿಲ್ಲೆಯ ಊಟಿ ಕ್ಲಬ್ಬಿನಲ್ಲಿ, 19ನೇ ಶತಮಾನದ ಕೊನೆಯಲ್ಲಿ, ಸ್ನೂಕರ್ ಆಟದ ನಿಯಮಗಳು ರೂಪುಗೊಂಡವು. ಆ ಆಟದಲ್ಲಿ ನಡುವೆ ಆಟಗಾರನನ್ನು ಬದಲಿಸುವಂತಿಲ್ಲ. ಸ್ನೂಕರ್ ನೋಡುವವರು ತೆಪ್ಪಗೆ ಕೂರಲು ಇದೇ ಕಾರಣವಿರಬೇಕು.)

ಗಡಿಯ ಬದಲಿವಾದಿಗೆ ಮೂರು ಭಾಷೆ. ಕೋಚಿಗೆ, ಅಂದರೆ ಕಾಲೇಜಿನ ಪಿ.ಡಿ. ಸಾರ್‌ಗೆ, ತಮಿಳು: ‘ಕೀಪರ್ ಮಾತ್ತುಂಗ ಸಾರ್!’ ಅಕ್ಕಪಕ್ಕದವರೊಡನೆ ಚರ್ಚೆಗೆ ಮಲಯಾಳ. ಗೋಲು ಬಿದ್ದ ಮೇಲೆ ತನ್ನಷ್ಟಕ್ಕೆ ಗೊಣಗಿಕೊಳ್ಳುವಾಗ ಮಾತ್ರ ಮನೆಯ ಕನ್ನಡ: ‘ಮುಗೀತು ಬಿಡು ಕಥೆ.’

ಈ ಬಗೆಯನ್ನು ಹತ್ತಿರದಿಂದ ಅರಿಯಲು ಗೂಡಲೂರಿನ ಒಂದು ಮಾದರಿ ಸಾಕು. ಇವರು ಟೀ ಫ್ಯಾಕ್ಟರಿಯೊಂದರ ನಿವೃತ್ತ ಗುಮಾಸ್ತರು. ಹೆಸರು ಬೇಡ, ಮೈದಾನದಲ್ಲಿ ಎಲ್ಲರಿಗೂ ಇವರು ‘ಅಣ್ಣ’. ಕೈಯಲ್ಲಿ ಸದಾ ಉದ್ದ ಹಿಡಿಯ ಕಪ್ಪು ಛತ್ರಿ. ಮಳೆಯಿದ್ದರೆ ಬಿಚ್ಚುತ್ತಾರೆ, ಇಲ್ಲದಿದ್ದರೆ ಕೀಪರನ ಕಡೆ ತೋರಿಸಲು ಬಳಸುತ್ತಾರೆ. ಒಮ್ಮೆ ಗೂಡಲೂರಿನ ಹುಡುಗರ ತಂಡ ಉದಕಮಂಡಲಕ್ಕೆ ಅಂತರ್‌ಕಾಲೇಜು ಪಂದ್ಯ ಆಡಲು ಹೋಯಿತು. ಅಣ್ಣ ಐವತ್ತು ಕಿಲೋಮೀಟರ್ ಘಾಟಿ ಹತ್ತಿ, ಸ್ವಂತ ಖರ್ಚಿನ ಟಿಕೆಟಿನಲ್ಲಿ, ತಂಡಕ್ಕಿಂತ ಮೊದಲೇ ಮೈದಾನ ಸೇರಿದ್ದರು.

ಮೊದಲ ಗೋಲು ಬಿದ್ದದ್ದು ಉದ್ದನೆಯ ಒಂದು ಲಾಬ್‌ನಿಂದ. ಕೀಪರ್ ಎರಡು ಹೆಜ್ಜೆ ಮುಂದೆ ಬಂದ, ಚೆಂಡು ಅವನ ಬೆರಳ ತುದಿ ದಾಟಿ ಹಿಂದೆ ಬಿತ್ತು. ವಿಷಯ ಸರಳ ಭೌತಶಾಸ್ತ್ರ. ಉದಕಮಂಡಲ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿ ಸಮುದ್ರಮಟ್ಟದ್ದಕ್ಕಿಂತ ಸುಮಾರು ಐದನೇ ಒಂದು ಭಾಗ ತೆಳು. ಚೆಂಡನ್ನು ತಡೆಯುವ ಶಕ್ತಿ ಅದಕ್ಕೆ ಅಷ್ಟು ಕಡಿಮೆ. ಅದಕ್ಕಿಂತ ಸಾವಿರ ಮೀಟರಿಗೂ ಹೆಚ್ಚು ಕೆಳಗಿರುವ ಗೂಡಲೂರಿನಲ್ಲಿ ದಿನವೂ ಅಭ್ಯಾಸ ಮಾಡಿದ ಕಣ್ಣಿಗೆ ಚೆಂಡು ಎಲ್ಲಿ ಇಳಿಯಬೇಕೋ ಅಲ್ಲಿ ಇಳಿಯಲಿಲ್ಲ. ಕೂತಿದ್ದ ಎರಡನೇ ಕೀಪರನೂ ಗೂಡಲೂರಿನಲ್ಲೇ ಕಲಿತವನು, ಅವನಿಗೂ ಅದೇ ಆಗುತ್ತಿತ್ತು. ಇದನ್ನು ಪಕ್ಕದಲ್ಲಿದ್ದ ಒಬ್ಬರು ಅಣ್ಣನಿಗೆ ವಿವರಿಸಲು ನೋಡಿದರು. ‘ಗಾಳಿ ತೆಳು ಅಂತ ಗೋಲು ಬಿಡೋದಾ? ಹಾಗಾದ್ರೆ ದಪ್ಪ ಗಾಳಿ ತರಿಸೋಣ’ ಎಂದರು ಅಣ್ಣ.

ಎರಡನೇ ಅರ್ಧದಲ್ಲಿ ಮಂಜು ಇಳಿಯಿತು. ಊಟಿಯ ಮಂಜು ಕೇಳಿ ಬರುವುದಿಲ್ಲ. ಮೊದಲು ಆ ತುದಿಯ ಗೋಲ್‌ಪೋಸ್ಟ್ ಹೋಯಿತು, ಆಮೇಲೆ ಈ ತುದಿಯದು, ಕೊನೆಗೆ ಸೆಂಟರ್ ಸರ್ಕಲ್‌ನಲ್ಲಿ ಓಡಾಡುವ ಕೆಲವು ಕಾಲುಗಳಷ್ಟೇ ಉಳಿದವು. ಜೊತೆಗೆ ತುಂತುರು. ಅಣ್ಣ ಛತ್ರಿ ಬಿಚ್ಚಿದರು. ಪಕ್ಕದವರ ಬಳಿ ಛತ್ರಿಯಿರಲಿಲ್ಲ. ಹೀಗಾಗಿ ಮುಂದಿನ ನಲವತ್ತು ನಿಮಿಷ ಅಣ್ಣನ ಅಭಿಪ್ರಾಯಗಳಿಂದ ದೂರ ಸರಿಯಲು ಅವರಿಗೆ ದಾರಿಯಿರಲಿಲ್ಲ. (ಈ ಪಕ್ಕದವರು ಯಾರೆಂಬುದು ಇಲ್ಲಿ ಅಪ್ರಸ್ತುತ.) ಎಲ್ಲೋ ಸೀಟಿ ಕೇಳಿಸಿತು, ಯಾರೋ ಕುಣಿದ ಸದ್ದು. ಅಣ್ಣ ಒಂದು ಕ್ಷಣವೂ ತಡೆಯಲಿಲ್ಲ. ‘ನೋಡಿ, ಹೇಳಿದ್ನಲ್ಲ! ಕೀಪರ್ ಮಾತ್ತುಂಗ ಸಾರ್!’ ಎಂದು ಮಂಜಿನೊಳಕ್ಕೆ ಕೂಗಿದರು. ಮಂಜಿನೊಳಗಿಂದ ಲೈನ್ಸ್‌ಮನ್ ಹುಡುಗ ಹೊರಬಂದು, ಗೋಲು ಹೊಡೆದದ್ದು ಗೂಡಲೂರು ಎಂದ. ಅಣ್ಣ ಛತ್ರಿಯ ಹಿಡಿ ಬದಲಿಸಿದರು. ‘ಸರಿ ಹಾಗಾದ್ರೆ, ಅವರಾದ್ರೂ ಕೀಪರ್ ಬದಲಾಯಿಸ್ಕೋಬೇಕಿತ್ತು’ ಎಂದು, ಎದುರು ತಂಡದ ಬೆಂಚು ಇರಬಹುದಾದ ದಿಕ್ಕಿಗೆ ತಿರುಗಿ ಅವರಿಗೂ ಸಲಹೆ ಕೊಟ್ಟರು. ಪಂದ್ಯ 1–1ರಲ್ಲಿ ಮುಗಿಯಿತು. ಆ ನಲವತ್ತು ನಿಮಿಷದಲ್ಲಿ ತಾವು ಕೀಪರನನ್ನು ಒಮ್ಮೆಯೂ ನೋಡಿರಲಿಲ್ಲ ಎಂಬುದು ತೀರ್ಪಿಗೆ ಅಡ್ಡಿಯೆಂದು ಅಣ್ಣನಿಗೆ ಅನ್ನಿಸಲಿಲ್ಲ.

ಬದಲಿವಾದ ಹಳೆಯದೇನಲ್ಲ. ಬದಲಿ ಆಟಗಾರರಿಗೆ ಅವಕಾಶವೇ ಇಲ್ಲದ ಕಾಲದಲ್ಲಿ ಅದಕ್ಕೆ ಮೇವೂ ಇರಲಿಲ್ಲ. 1956ರ ಎಫ್‌ಎ ಕಪ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯ ಕೀಪರ್ ಬರ್ಟ್ ಟ್ರೌಟ್‌ಮನ್ ಕತ್ತಿನ ಮೂಳೆ ಮುರಿದುಕೊಂಡೂ ಕೊನೆಯವರೆಗೆ ಆಡಿದರು. ಅವರ ಜಾಗಕ್ಕೆ ಇನ್ನೊಬ್ಬರನ್ನು ಇಳಿಸುವಂತಿರಲಿಲ್ಲ. ವಿಶ್ವಕಪ್‌ನಲ್ಲಿ ಬದಲಿ ಆಟಗಾರರು ಬಂದದ್ದು 1970ರಲ್ಲಿ. 2020ರಲ್ಲಿ ತಾತ್ಕಾಲಿಕವಾಗಿ ಬಂದ ಐದು ಬದಲಿಗಳ ನಿಯಮ 2022ರಲ್ಲಿ ಕಾಯಂ ಆಯಿತು. ಪ್ರತಿ ಹೆಚ್ಚಳವೂ ಬದಲಿವಾದಿಗೆ ಹಬ್ಬ.

ಈತನ ಬಳಿ ಆಧಾರಗಳಿಲ್ಲವೆಂದಲ್ಲ. ಮುಖ್ಯ ಆಧಾರ 2014ರ ವಿಶ್ವಕಪ್ ಕ್ವಾರ್ಟರ್‌ಫೈನಲ್. ನೆದರ್‌ಲೆಂಡ್ಸ್ ಕೋಚ್ ಲೂಯಿ ವಾನ್ ಗಾಲ್ ಹೆಚ್ಚುವರಿ ಆಟದ ಕಟ್ಟಕಡೆಯ ನಿಮಿಷದಲ್ಲಿ ಕೀಪರ್ ಸಿಲೆಸ್ಸನ್‌ರನ್ನು ಕರೆಸಿಕೊಂಡು ಟಿಮ್ ಕ್ರೂಲ್‌ರನ್ನು ಇಳಿಸಿದರು. ಕ್ರೂಲ್ ಕೋಸ್ಟರಿಕಾದ ಎರಡು ಪೆನಾಲ್ಟಿ ತಡೆದರು, ತಂಡ 4–3ರಿಂದ ಗೆದ್ದಿತು. ನಾಲ್ಕೇ ದಿನದ ನಂತರ ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ ಎದುರು ಪಂದ್ಯ ಮತ್ತೆ ಪೆನಾಲ್ಟಿಗೆ ಹೋಯಿತು. ಅಷ್ಟರಲ್ಲಿ ವಾನ್ ಗಾಲ್ ಬಳಿ ಬದಲಿಗಳೆಲ್ಲ ಮುಗಿದಿದ್ದವು. ಸಿಲೆಸ್ಸನ್ ಒಂದನ್ನೂ ತಡೆಯಲಿಲ್ಲ, ತಂಡ ಸೋತಿತು. ಬದಲಿವಾದಿ ಈ ಎರಡನ್ನೂ ತನ್ನ ಪರವಾಗಿ ಎಣಿಸುತ್ತಾನೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ವಾನ್ ಗಾಲ್ ಕೀಪರನನ್ನು ಬದಲಿಸಿದ್ದು ಪೆನಾಲ್ಟಿಗೆಂದು ಮೊದಲೇ ಯೋಚಿಸಿಟ್ಟು, ಪಂದ್ಯದ ನಡುವೆ ಸಿಟ್ಟಿನಿಂದಲ್ಲ ಎಂಬ ಭಾಗವನ್ನು ಅವನು ಹೇಳುವುದಿಲ್ಲ. 2019ರ ಇಂಗ್ಲಿಷ್ ಲೀಗ್ ಕಪ್ ಫೈನಲ್ ಕಥೆಯಂತೂ ಅವನ ಬಾಯಲ್ಲಿ ಬರುವುದೇ ಇಲ್ಲ. ಅಲ್ಲಿ ಚೆಲ್ಸಿಯ ಕೀಪರ್ ಕೆಪಾ, ಕೋಚ್ ಸಾರಿ ಕರೆದರೂ ಹೊರಗೆ ಬರಲು ಒಪ್ಪದೆ ನಿಂತರು. ಚೆಲ್ಸಿ ಪೆನಾಲ್ಟಿಯಲ್ಲಿ ಸೋತದ್ದು ನಿಜ, ಆದರೆ ಆ ಕೆಪಾ ಕೂಡ ಒಂದು ಪೆನಾಲ್ಟಿ ತಡೆದಿದ್ದರು.

ಹತ್ತಿರದ ಆಧಾರ ಮಲಪ್ಪುರಂ ಜಿಲ್ಲೆಯ ಮಂಜೇರಿಯದು. 2022ರ ಏಪ್ರಿಲ್ 28ರಂದು ಸಂತೋಷ್ ಟ್ರೋಫಿ ಸೆಮಿಫೈನಲ್‌ನಲ್ಲಿ ಕರ್ನಾಟಕ ಮೊದಲ ಗೋಲು ಹೊಡೆದು ಮುಂದಿತ್ತು. ಕೇರಳದ ಕೋಚ್ ಅರ್ಧ ಗಂಟೆಯಾಗುತ್ತಲೇ ಟಿ.ಕೆ. ಜೆಸಿನ್ ಎಂಬ ಬದಲಿ ಆಟಗಾರನನ್ನು ಇಳಿಸಿದರು. ಆತ ಐದು ಗೋಲು ಹೊಡೆದ. ಕೇರಳ 7, ಕರ್ನಾಟಕ 3. ಗೂಡಲೂರಿನ ಕನ್ನಡದವರಿಗೆ ಆ ರಾತ್ರಿ ಅಕ್ಕಪಕ್ಕದ ಮನೆಗಳ ಪಟಾಕಿ ಸಹಿಸುವುದು ಸುಲಭವಿರಲಿಲ್ಲ. ಮುಂದಿನ ವರ್ಷ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಾಗ ಲೆಕ್ಕ ಸಮವಾಯಿತು. ಆದರೆ ಅಣ್ಣನ ಕಡತದಲ್ಲಿ ಇರುವುದು ಮಂಜೇರಿಯೇ. ಜೆಸಿನ್ ಕೀಪರ್ ಅಲ್ಲ, ಸ್ಟ್ರೈಕರ್ ಎಂದು ನೆನಪಿಸಿದವರಿಗೆ ‘ತತ್ವ ಒಂದೇ’ ಎಂಬ ಉತ್ತರ ಸಿಗುತ್ತದೆ.

ಅಮೆರಿಕದಲ್ಲೂ ಇದೇ ಬಗೆಯವರಿದ್ದಾರೆ, ಅಲ್ಲಿನ ಕಾಲೇಜು ಫುಟ್‌ಬಾಲ್‌ನಲ್ಲಿ. ಅದು ಕೈಯಲ್ಲಿ ಆಡುವ ಫುಟ್‌ಬಾಲ್. ತಂಡದ ಪ್ರತಿ ದಾಳಿಯನ್ನೂ ಶುರು ಮಾಡುವವನು ಕ್ವಾರ್ಟರ್‌ಬ್ಯಾಕ್. ಕೂಗು ಅವನ ಮೇಲೆ. 2018ರ ಜನವರಿ 8ರ ರಾಷ್ಟ್ರೀಯ ಫೈನಲ್‌ನಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ತಂಡ ವಿರಾಮದ ಹೊತ್ತಿಗೆ ಜಾರ್ಜಿಯಾ ಎದುರು 0–13ರಿಂದ ಹಿಂದಿತ್ತು. ಕೋಚ್ ನಿಕ್ ಸೇಬನ್ ಅನುಭವಿ ಜೇಲನ್ ಹರ್ಟ್ಸ್‌ನನ್ನು ಕೂರಿಸಿ, ಮೊದಲ ವರ್ಷದ ಹುಡುಗ ಟುವಾ ಟಗೊವೈಲೊವಾನನ್ನು ಇಳಿಸಿದರು, 26–23ರಿಂದ ಗೆದ್ದರು. ಬದಲಿವಾದಿಯ ಪಾಲಿಗೆ ಕಥೆ ಇಲ್ಲಿಗೆ ಮುಗಿಯುತ್ತದೆ. ಆದರೆ ಅದೇ ವರ್ಷ ಡಿಸೆಂಬರ್‌ನಲ್ಲಿ ಅದೇ ಜಾರ್ಜಿಯಾ ಎದುರು ಟುವಾ ಗಾಯಗೊಂಡ, ತಂಡ ಹಿಂದೆ ಬಿದ್ದಿತ್ತು. ಕೂತಿದ್ದ ಹರ್ಟ್ಸ್ ಎದ್ದು ಬಂದು 35–28ರಿಂದ ಗೆಲ್ಲಿಸಿದ. ಹನ್ನೊಂದು ತಿಂಗಳ ಹಿಂದೆ ಯಾರನ್ನು ಕೂರಿಸಿದ್ದೇ ಜಾಣತನವೆಂದು ಎಲ್ಲರೂ ಹೊಗಳಿದ್ದರೋ ಅವನೇ.

ಇಷ್ಟೆಲ್ಲ ಉದಾಹರಣೆಗಳಿದ್ದರೂ ಕೋಚ್‌ಗಳು ಕೀಪರನನ್ನು ನಡುವೆ ಬದಲಿಸಲು ಹಿಂಜರಿಯುವುದು ಹೇಡಿತನದಿಂದಲ್ಲ. ಎರಡನೆಯವನ ಕೈಕಾಲು ತಣ್ಣಗಿರುತ್ತದೆ, ಒದ್ದೆ ಚೆಂಡಿನ ತೂಕ ಅವನ ಗ್ಲೌಸಿಗೆ ಇನ್ನೂ ಗೊತ್ತಿರುವುದಿಲ್ಲ. ತಮಿಳುನಾಡಿನಲ್ಲೇ ಅತಿ ಹೆಚ್ಚು ಮಳೆ ಸುರಿಯುವ ಊರುಗಳಲ್ಲೊಂದಾದ ದೇವಾಲದ ಪಕ್ಕದಲ್ಲಿ ಆಡುವವರಿಗೆ ಇದು ಸಣ್ಣ ವಿಷಯವಲ್ಲ. ಡಿಫೆಂಡರ್‌ಗಳು ಹಿಂದಿನಿಂದ ಬರುವ ಒಂದು ಧ್ವನಿಗೆ ಹೊಂದಿಕೊಂಡಿರುತ್ತಾರೆ. ಇವಕ್ಕಿಂತ ದೊಡ್ಡ ಕಾರಣ ಇನ್ನೊಂದು. ಉಳಿದ ಹತ್ತು ಮಂದಿಯಲ್ಲಿ ಯಾರನ್ನು ಕರೆಸಿಕೊಂಡರೂ ‘ಸುಸ್ತಾಗಿದ್ದ’ ಎಂದು ಮುಚ್ಚಬಹುದು. ಕೀಪರ್ ಓಡುವುದಿಲ್ಲ, ಆದ್ದರಿಂದ ಅವನಿಗೆ ಸುಸ್ತಿನ ನೆಪವಿಲ್ಲ. ಗೋಲ್‌ಪೋಸ್ಟಿನಿಂದ ಬೆಂಚಿನವರೆಗೆ ಅವನು ನಡೆಯುವಾಗ ಯಾಕೆ ನಡೆಯುತ್ತಿದ್ದಾನೆಂದು ಇಡೀ ಮೈದಾನಕ್ಕೆ ಗೊತ್ತಿರುತ್ತದೆ, ಗ್ಯಾಲರಿಯಲ್ಲಿ ಕೂತ ಅವನ ತರಗತಿಯವರಿಗೂ.

ಇದು ಅಣ್ಣನಿಗೆ ತಿಳಿಯದ್ದೇನಲ್ಲ. ಒಂದು ಸ್ಥಳೀಯ ಪಂದ್ಯಕ್ಕೆ ಪಿ.ಡಿ. ಸಾರ್ ಜ್ವರದಿಂದ ಬರಲಾಗದೆ, ತಂಡವನ್ನು ನೋಡಿಕೊಳ್ಳುವ ಕೆಲಸ ಅಣ್ಣನ ತಲೆಗೆ ಬಿತ್ತು. ಮೊದಲಾರ್ಧದಲ್ಲೇ ಎರಡು ಗೋಲು ಬಿದ್ದವು; ಎರಡನೆಯದು ಕೀಪರನ ಕಾಲ ಸಂದಿಯಿಂದ. ಎರಡನೇ ಕೀಪರ್ ಜಾಕೆಟ್ ಕಳಚಿ ಗ್ಲೌಸ್ ಹಾಕಿಕೊಂಡು ನಿಂತ. ಗೆರೆಯಾಚೆ ಹೊಸ ತಲೆಮಾರಿನ ಬದಲಿವಾದಿಗಳು ಅಣ್ಣನಿಂದಲೇ ಕಲಿತ ಧಾಟಿಯಲ್ಲಿ ಅಣ್ಣನ ಮೇಲೇ ಕೂಗತೊಡಗಿದರು. ಅಣ್ಣ ಛತ್ರಿಯನ್ನು ನೆಲಕ್ಕೆ ಊರಿ ನಿಂತೇ ಇದ್ದರು. ‘ನಾಳೆ ಕಾಲೇಜಲ್ಲಿ ಆ ಹುಡುಗ ಹ್ಯಾಗ್ರೀ ಮುಖ ತೋರಿಸ್ತಾನೆ?’ ಎಂದರು ಪಕ್ಕದವರಿಗೆ. ಕೀಪರ್ ಬದಲಾಗಲಿಲ್ಲ. ಪಂದ್ಯ 0–3. ಮುಂದಿನ ಪಂದ್ಯಕ್ಕೆ ಪಿ.ಡಿ. ಸಾರ್ ಮರಳಿದರು, ಅಣ್ಣ ಗೆರೆಯಾಚೆಗೆ ಮರಳಿದರು; ಹತ್ತನೇ ನಿಮಿಷಕ್ಕೆ ಹಳೆಯ ಕೂಗು ಕೇಳಿಸಿತು.

ಪಂದ್ಯ ಮುಗಿದ ಮೇಲೆ ಬದಲಿವಾದಿ ಬೇರೆಯೇ ಮನುಷ್ಯ. ತಾನು ತೊಂಬತ್ತು ನಿಮಿಷ ಬಯ್ದ ಹುಡುಗನನ್ನೇ ಟೀ ಅಂಗಡಿಗೆ ಕರೆದೊಯ್ದು, ಟೀಯ ಜೊತೆ ವರ್ಕಿ ಕೊಡಿಸಿ, ‘ನಿನ್ ತಪ್ಪಲ್ಲ ಬಿಡಪ್ಪ, ಡಿಫೆನ್ಸೇ ಸರಿ ಇಲ್ಲ’ ಎನ್ನುತ್ತಾನೆ. ಹುಡುಗ ‘ಆಯ್ತು ಅಂಕಲ್’ ಎಂದು ವರ್ಕಿ ಅದ್ದಿಕೊಂಡು ತಿನ್ನುತ್ತಾನೆ. ಎಸ್ಟೇಟ್ ಲೈನುಗಳ ಹುಡುಗರು ಕೆಲಸ ಹುಡುಕಿ ಕೊಯಮತ್ತೂರು, ತಿರುಪ್ಪೂರಿಗೆ ಹೋಗುತ್ತಿದ್ದಾರೆ, ಉಳಿದವರು ಯುರೋಪಿನ ಪಂದ್ಯಗಳನ್ನು ಮೊಬೈಲಿನಲ್ಲಿ ನೋಡುತ್ತಾರೆ. ಕಾಲೇಜು ಪಂದ್ಯದ ಗೆರೆಯಾಚೆ ಮಳೆಯಲ್ಲಿ ಕೊನೆಯವರೆಗೆ ನಿಲ್ಲುವವರು ಆಟಗಾರರ ಸ್ನೇಹಿತರು, ಒಂದಷ್ಟು ಬೀದಿನಾಯಿಗಳು, ಮತ್ತೆ ಅಣ್ಣ. ಎರಡನೇ ಕೀಪರನ ಹೆಸರು, ಮನೆ, ಹಾಜರಿ ಕೊರತೆ ಎಲ್ಲ ಗೊತ್ತಿರುವ ಪ್ರೇಕ್ಷಕ ಇವರೊಬ್ಬರೇ.

ಬದಲಿವಾದಿಯನ್ನು ನಿಭಾಯಿಸಲು ಅನುಭವಸ್ಥ ಪಿ.ಡಿ.ಗಳು ಒಂದು ಉಪಾಯ ಕಂಡುಕೊಂಡಿದ್ದಾರೆ. ವಾದಕ್ಕೆ ಇಳಿಯುವುದಿಲ್ಲ. ‘ಅಣ್ಣಾ, ಆಯ್ತು’ ಎಂದು ಎರಡನೇ ಕೀಪರನನ್ನು ಗೆರೆಯ ಪಕ್ಕ ವಾರ್ಮಪ್‌ಗೆ ಕಳಿಸುತ್ತಾರೆ. ಕೂಗು ತಕ್ಷಣ ನಿಲ್ಲುತ್ತದೆ. ಬದಲಿವಾದಿ ಆಟ ನೋಡುವುದನ್ನು ಬಿಟ್ಟು ಹೊಸಬನನ್ನು ನೋಡತೊಡಗುತ್ತಾನೆ: ಹುಡುಗ ಎಡಕ್ಕೆ ಹಾರುವುದು ನಿಧಾನ, ಚೆಂಡು ಹಿಡಿಯುವಾಗ ಮೊಣಕೈ ಅಗಲ, ಕಿಕ್ ಅರ್ಧ ಮೈದಾನವನ್ನೂ ದಾಟುವುದಿಲ್ಲ. ಐದು ನಿಮಿಷ ಕಳೆಯುವಷ್ಟರಲ್ಲಿ ಛತ್ರಿ ಮತ್ತೆ ಮೇಲೇಳುತ್ತದೆ. ‘ಸಾರ್, ಇವನು ಬೇಡ ಸಾರ್! ಹಳಬನೇ ಇರಲಿ!’