ಹೊಂಬುಜದ ಹಿಂಚಕ್ರ: ಒಂದು ಶಾಸನಾಧ್ಯಯನ

ಹುಂಚದಲ್ಲಿ ಕಬ್ಬಿಣ ಚಿನ್ನವಾಗುತ್ತಿತ್ತು ಎನ್ನುತ್ತದೆ ಸ್ಥಳಪುರಾಣ. ಉತ್ತರ ಮಧುರೆಯಿಂದ ಬಂದ ಜಿನದತ್ತರಾಯ ಲಕ್ಕಿ ಗಿಡದಡಿ ತಂಗಿದ, ಜೊತೆಗೆ ತಂದಿದ್ದ ಪದ್ಮಾವತಿಯ ವಿಗ್ರಹಕ್ಕೆ ಸೋಕಿದ ಕಬ್ಬಿಣ ಹೊನ್ನಾಯಿತು, ಊರು ಹೊಂಬುಜವಾಯಿತು. ಆ ಪವಾಡ ನಿಂತುಹೋಯಿತೆಂದು ತಿಳಿದವರು ಆರಿದ್ರಾ ಮಳೆಯಲ್ಲಿ ಒಂದು ರಾತ್ರಿ ಕಾರನ್ನು ಅಂಗಳದಲ್ಲಿ ಬಿಟ್ಟು, ಬೆಳಿಗ್ಗೆ ಹಿಂದಿನ ಚಕ್ರದ ಸಂದಿಯಲ್ಲಿ ಇಣುಕಬೇಕು. ಬೂದು ಬಣ್ಣದ ಎರಕದ ಬ್ರೇಕ್ ಡಿಸ್ಕ್ ಪೂರ್ತಿ ಹೊಂಬಣ್ಣಕ್ಕೆ ತಿರುಗಿರುತ್ತದೆ. ಅದು ತುಕ್ಕು ಎಂಬುದು ರಸಾಯನಶಾಸ್ತ್ರಜ್ಞರ ಪೂರ್ವಪಕ್ಷ. ಪ್ರಸ್ತುತ ಪ್ರಬಂಧ ಅದನ್ನು ಒಪ್ಪುತ್ತದೆ; ಮನಸ್ಸಿಲ್ಲದ ಮನಸ್ಸಿನಿಂದ.

ಸಣ್ಣ ಕಾರುಗಳ ಹಿಂದೆ ಇಂದಿಗೂ ಹೆಚ್ಚಾಗಿ ಡ್ರಮ್ ಇರುತ್ತದೆ. ಡ್ರಮ್ ಪಂಥದವರು ಈ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ. ಉಳಿದವರಿಗೆ ಹೇಳಬೇಕಾದ್ದು ಇಷ್ಟು: ಬ್ರೇಕ್ ಒತ್ತಿದೊಡನೆ ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ಮೂರರಲ್ಲಿ ಎರಡು ಪಾಲು ಕೆಲಸ, ಕೆಲವೊಮ್ಮೆ ಇನ್ನೂ ಹೆಚ್ಚು, ಮುಂದಿನ ಚಕ್ರಗಳ ಪಾಲಾಗುತ್ತದೆ. ಹಿಂದಿನ ಡಿಸ್ಕಿಗೆ ಉಜ್ಜಾಟ ಕಡಿಮೆ. ಉಜ್ಜಾಟವಿಲ್ಲದಿದ್ದರೆ ತುಕ್ಕು ಕಳೆಯುವುದಿಲ್ಲ. ಆಗುಂಬೆ ಘಾಟಿಯ 14 ತಿರುವುಗಳನ್ನು ಆಗಾಗ ಇಳಿಯುವ ಕಾರಿನ ಡಿಸ್ಕ್ ದುಡಿದು ಸವೆಯುತ್ತದೆ. ಸಂತೆಗೆ ಮಾತ್ರ ಹೊರಡುವ ಕಾರಿನದು ಕೆಲಸವಿಲ್ಲದೆ ಸಾಯುತ್ತದೆ.

ಪರಂಪರೆಯ ವಿಚಾರಕ್ಕೆ ಬಂದರೆ, ಫ್ರೆಡರಿಕ್ ಲ್ಯಾಂಚೆಸ್ಟರ್ ಬರ್ಮಿಂಗ್‌ಹ್ಯಾಮಿನಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದದ್ದು 1902ರಲ್ಲಿ. ಅವನ ಪ್ಯಾಡು ತಾಮ್ರದ್ದು, ಕಿರುಚಾಟ ಅಸಹನೀಯ. ಅದಕ್ಕೂ ಮೊದಲು, 1888ರಲ್ಲಿ, ಗಂಡನಿಗೆ ಹೇಳದೆ ಕಾರು ಹೊರಡಿಸಿಕೊಂಡು ಹೋದ ಬೆರ್ಥಾ ಬೆಂಜ್ ದಾರಿಯಲ್ಲಿ ಬ್ರೇಕಿನ ಮರದ ತುಂಡಿಗೆ ಚರ್ಮ ಹೊಡೆಸಿದ್ದಳು. ಹೊಡೆದುಕೊಟ್ಟವನು ಚಪ್ಪಲಿ ಹೊಲಿಯುವವನು. ಪ್ಯಾಡ್ ಬದಲಾವಣೆಯ ಆದಿಗುರು ಮೆಕ್ಯಾನಿಕ್ ಅಲ್ಲವೆಂಬುದು ಇದರಿಂದ ಸಿದ್ಧ.

ಇನ್ನು ಡಿಸ್ಕ್ ಬದಲಿಸುವ ವಿಧಿ. ಚಕ್ರ ನೆಲದ ಮೇಲಿರುವಾಗಲೇ ಬೋಲ್ಟುಗಳನ್ನು ಒಂದು ಸುತ್ತು ಸಡಿಲಿಸಬೇಕು. ಹ್ಯಾಂಡ್‌ಬ್ರೇಕ್ ಇಳಿಸಬೇಕು, ಅದು ಹಿಡಿಯುವುದು ಹಿಂದಿನ ಚಕ್ರಗಳನ್ನೇ ಎಂಬುದನ್ನು ಮರೆತು ಅರ್ಧ ದಿನ ಕ್ಯಾಲಿಪರಿನೊಡನೆ ಗುದ್ದಾಡಿದ ವಿದ್ವಾಂಸರಿದ್ದಾರೆ. ಕಾರು ಉರುಳದಂತೆ ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು. ಜಾಕ್ ಇರುವುದು ಎತ್ತುವುದಕ್ಕೆ. ಹೊತ್ತು ನಿಲ್ಲುವುದಕ್ಕೆ ಬೇರೆ ಸ್ಟ್ಯಾಂಡ್ ಬೇಕು. ಸ್ಟ್ಯಾಂಡಿನ ಬದಲು ಜಂಬಿಟ್ಟಿಗೆ ಪೇರಿಸುವ ಒಂದು ಸಂಪ್ರದಾಯವೂ ಉಂಟು. ಜಂಬಿಟ್ಟಿಗೆ ಮನೆ ಕಟ್ಟುವುದಕ್ಕೆ ಆದೀತು, ಕಾರಿನಡಿ ಒಂದೇ ಬಿಂದುವಿನಲ್ಲಿ ಭಾರ ಬಿದ್ದರೆ ಬಿರಿಯುತ್ತದೆ. ಈ ಸಂಪ್ರದಾಯವನ್ನು ಖಂಡಿಸಲಾಗಿದೆ.

ಕ್ಯಾಲಿಪರನ್ನು ಬಿಚ್ಚಿ ಅದರ ರಬ್ಬರ್ ಪೈಪಿಗೇ ಜೋತುಬಿಡಬಾರದು. ಕೊನೆ ಇಳಿಸುವ ಹಗ್ಗದ ತುಂಡಿನಲ್ಲಿ ಮೇಲಕ್ಕೆ ಕಟ್ಟಿದರೆ ಅಡಿಕೆ ಸಂಸ್ಕೃತಿಗೂ ಗೌರವ ಸಲ್ಲುತ್ತದೆ.

ಈಗ ಶಾಸನ. ಸಾಮಾನ್ಯವಾಗಿ ಡಿಸ್ಕಿನ ಮೈಮೇಲೆ ‘ಮಿನ್ ಟಿಹೆಚ್’ ಎಂಬ ಅಕ್ಷರಗಳೂ ಮಿಲಿಮೀಟರಿನ ಒಂದು ಅಂಕಿಯೂ ಇರುತ್ತವೆ: ಇದಕ್ಕಿಂತ ತೆಳುವಾದರೆ ಬಿಸಾಡು ಎಂಬ ರಾಜಾಜ್ಞೆ. ಇದೇ ಹುಂಚದಲ್ಲಿ ರಾಣಿ ಚಟ್ಟಲದೇವಿ ಪಂಚಕೂಟ ಬಸದಿಗೆ ಬರೆಸಿದ 1077ರ ಶಾಸನ ಇವತ್ತಿಗೂ ಓದಲು ಸಿಗುತ್ತದೆ. ರೈಸ್ ಸಾಹೇಬರು ಹುಂಚದ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟದಲ್ಲಿ ಅಚ್ಚು ಹಾಕಿಸಿ 1904ಕ್ಕೇ ಮುಗಿಸಿದರು. ಡಿಸ್ಕಿನ ಶಾಸನ ಮಾತ್ರ ಎರಡು ಮಳೆಗಾಲಕ್ಕೆ ತ್ರುಟಿತ. ತಂತಿ ಬ್ರಷ್ಷಿನಿಂದ ಉಜ್ಜಿ, ಕಾಗದ ಇಟ್ಟು, ಪೆನ್ಸಿಲ್ ತಿಕ್ಕಿ ಪಡಿಯಚ್ಚು ತೆಗೆಯಬೇಕು. 8 ಎಂದು ಓದಿದ್ದು 9ರ ಪಾಠಾಂತರವೂ ಆಗಿರಬಹುದು. ಹಳೆಯ ಶಾಸನಗಳ ಕೊನೆಗೆ ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಎಂಬ ಶಾಪಾಶಯ ಬರುತ್ತದಷ್ಟೆ. ಇಲ್ಲಿ ಆ ಸಾಲು ಬಿಟ್ಟುಹೋಗಿದೆ. ಹುಲಿಕಲ್ ಘಾಟಿ ಅದನ್ನು ತುಂಬಿಕೊಡುತ್ತದೆ.

ಹಳೆಯ ಡಿಸ್ಕ್ ಹಬ್ಬಿಗೆ ತುಕ್ಕಿನ ಬೆಸುಗೆ ಹಾಕಿಕೊಂಡು ಕೂತಿರುತ್ತದೆ. ಕೆಲವು ಡಿಸ್ಕುಗಳಲ್ಲಿ ಇದಕ್ಕೆಂದೇ ತಿರುಪುಳ್ಳ ಎರಡು ತೂತುಗಳಿವೆ. ಅವಕ್ಕೆ ಬೋಲ್ಟ್ ತಿರುಗಿಸಿದರೆ ತಾನೇ ಹೊರಬರುತ್ತದೆ. ತೂತು ಕಾಣದವರು ಸುತ್ತಿಗೆಗೆ ಕೈಹಾಕುತ್ತಾರೆ. ಕಂಡವರೂ ಮೊದಲು ಸುತ್ತಿಗೆಗೇ.

ನಿಜವಾದ ವಾದ ನಡೆಯುವುದು ಪಿಸ್ಟನ್ನಿನ ಬಳಿ. ಹೊಸ ಪ್ಯಾಡು ದಪ್ಪ, ಪಿಸ್ಟನ್ ಒಳಗೆ ಹೋಗಬೇಕು.

‘ಒತ್ತು ಮಾರಾಯ, ಹೋಗ್ತದೆ.’

‘ಹೋಗ್ತಿಲ್ಲ ಭಾವ, ಆವಾಗಿಂದ ಒತ್ತುತಾ ಇದೀನಿ.’

ಮುಂದಿನ ಚಕ್ರದ್ದಾದರೆ ಒತ್ತಿದರೆ ಹೋಗುತ್ತದೆ. ಹಿಂದಿನ ಎಷ್ಟೋ ಕ್ಯಾಲಿಪರುಗಳ ಒಳಗೆ ಹ್ಯಾಂಡ್‌ಬ್ರೇಕಿನ ತಿರುಪು ಕೂತಿರುವುದರಿಂದ ಪಿಸ್ಟನ್ನನ್ನು ತಿರುಗಿಸುತ್ತಲೇ ಒತ್ತಬೇಕು. ಭಾವನಿಗೆ ಇದು ಗೊತ್ತಿರಲಿಲ್ಲ, ಸಲಹೆ ಮಾತ್ರ ನಿಲ್ಲಲಿಲ್ಲ. ಗುಂಡಿ ಒತ್ತಿದರೆ ಹ್ಯಾಂಡ್‌ಬ್ರೇಕ್ ಬೀಳುವ ಹೊಸ ಕಾರುಗಳಲ್ಲಿ ಮೊದಲು ಅದರ ಮೋಟಾರನ್ನು ಸರ್ವಿಸ್ ಸ್ಥಿತಿಗೆ ತರಬೇಕು, ಅನೇಕ ಕಾರುಗಳಲ್ಲಿ ಸ್ಕ್ಯಾನರ್ ಹಾಕಿ. ಅಲ್ಲಿ ಹರಕೆಯೂ ನಡೆಯದು. ಪಿಸ್ಟನ್ ಹಿಂದೆ ಸರಿದಂತೆ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಏರುತ್ತದೆ, ಚೆಲ್ಲಿದರೆ ಪೇಂಟ್ ತಿನ್ನುತ್ತದೆ. ಅದು ಗಾಳಿಯ ತೇವ ಹೀರುವ ಎಣ್ಣೆ. ಹೋದ ವರ್ಷ ಒಡೆದ ಡಬ್ಬಿಯನ್ನು ಮಲೆನಾಡಿನ ಅಟ್ಟದಿಂದ ಇಳಿಸಿ ತಂದರೆ ಉಪಯೋಗವಿಲ್ಲ.

ಜೋಡಣೆಯಾದ ಮೇಲೆ, ಕಾರು ಕದಲುವ ಮೊದಲು, ಪೆಡಲನ್ನು ಗಟ್ಟಿಯಾಗುವವರೆಗೆ ತುಳಿಯಬೇಕು. ಮೊದಲ ತುಳಿತಕ್ಕೆ ಅದು ನೆಲ ಮುಟ್ಟುತ್ತದೆ. ಈ ಸಂಗತಿಯನ್ನು ಮುತ್ತಿನಕೆರೆ ಏರಿಯ ಮೇಲೆ ಅರಿಯುವುದಕ್ಕಿಂತ ಅಂಗಳದಲ್ಲೇ ಅರಿಯುವುದು ಮೇಲು. ಡಿಸ್ಕ್ ಯಾವಾಗಲೂ ಜೋಡಿಯಾಗಿ ಬದಲಾಗಬೇಕು, ಇಲ್ಲದಿದ್ದರೆ ಎರಡು ಬದಿಗೂ ಹಿಡಿತ ಸಮವಾಗುವುದಿಲ್ಲ. ಇಲ್ಲಿಗೆ ಎಡಚಕ್ರದ ಸಂಪುಟ ಸಮಾಪ್ತ. ಬಲಚಕ್ರದ್ದು ಮಳೆ ಹೊಳವಾದ ಮೇಲೆ. ಅಲ್ಲಿಯವರೆಗೆ ಕೀಲಿ ಭಾವನ ಕೈಗೆ ಸಿಗದಂತೆ ನೋಡಿಕೊಳ್ಳಬೇಕು.